ತಿಂಗಳ ಮೊದಲ ಗುರುವಾರ

ಹೋಬಾರ್ಟಿನಲ್ಲಿ ಯಾರಿಗೂ ಗೊತ್ತಿಲ್ಲ
ಈ ವಾರದ ಹೆಸರಿನೊಳಗೆ ಗುರು ಕೂತಿದ್ದಾನೆಂದು.
ಕಚೇರಿಯವರು ಖಾಲಿ ಸಿಕ್ಕ ದಿನ ಕೊಟ್ಟರು, ಅಷ್ಟೆ:
ಫೆಬ್ರವರಿಯಿಂದ ಜೂನ್, ತಿಂಗಳ ಮೊದಲ ಗುರುವಾರ,
ಮಧ್ಯಾಹ್ನ ಮೂರಕ್ಕೆ, ಹಡಗುಕಟ್ಟೆಯ ಬದಿಯ ಹೋಟೆಲಲ್ಲಿ
ಒಂದು ಗಂಟೆ. ಕಾಫಿಯ ಖರ್ಚು ವಿಶ್ವವಿದ್ಯಾಲಯದ್ದು,
ಕೇಕಿನದು ನಮ್ಮದೇ.

ಜೋಡಿ ಮಾಡಿದ್ದು ಕಂಪ್ಯೂಟರು, ಜಾತಕ ಕೂಡಿಸಿದ ಹಾಗೆ.
ನಾನು: ಕಡಲಪಾಚಿ, ಐವತ್ಮೂರು, ಕಾಯಂ.
ಅವನು: ಟೆವಿಟಾ ಫೊನುವಾ, ಮೂವತ್ತಾರು,
ಮೂರನೆಯ ಕರಾರು, ಪಾಚಿಯ ಕಾಡನ್ನು ಬೋಳು ಮಾಡುವ
ಮುಳ್ಳುಚೆಂಡಿನಂಥ ಅರ್ಚಿನ್.
ಅವನ ಪ್ರಾಣಿ ನನ್ನ ಗಿಡ ತಿನ್ನುತ್ತದೆ.
ಗಣ ಕೂಡಿತು.

ಫಾರ್ಮಿನಲ್ಲೊಂದು ಪ್ರಶ್ನೆ: ಐದು ವರ್ಷದ ಬಳಿಕ ಎಲ್ಲಿರುತ್ತೀರಿ?
ಅವನು ಬರೆದಿದ್ದ: ಜೂನ್ ಮೂವತ್ತರ ತನಕ ಇಲ್ಲಿ.

ಮೂರು ಗುರುವಾರ ನಾನೇ ಮಾತಾಡಿದೆ.
ಮೊದಲ ಪ್ಯಾರಾ ಚಿಕ್ಕದು ಮಾಡು, ಬೇಡ ಅನ್ನಲು ಕಲಿ,
ದೊಡ್ಡವರ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂರು.
ಇಸ್ತ್ರಿ ಹಾಕಿಟ್ಟ ಮಾತು, ಒಂದೂ ಸುಕ್ಕಿಲ್ಲ.
ನೀರಲ್ಲೂ ನೆನೆಯದ ಪುಸ್ತಕದಲ್ಲಿ ಅವನು
ಪೆನ್ಸಿಲಿನಿಂದ ಎಲ್ಲ ಬರೆದುಕೊಂಡ.
ಬೆರಳ ತುದಿಯಲ್ಲಿ, ಚರ್ಮದಡಿ,
ಮುರಿದ ಮುಳ್ಳುಗಳ ಕಪ್ಪು ಚುಕ್ಕಿ.

ಮೇ ತಿಂಗಳಲ್ಲಿ, ಬೆಟ್ಟದ ಮೇಲೆ ಮೊದಲ ಹಿಮ ಬಿದ್ದ ದಿನ,
ಅವನು ಕೇಳಿದ: ನಿಮಗೆ ಹೇಗೆ ಸಿಕ್ಕಿತು, ಕಾಯಂ?

ಉತ್ತರ ಸಿದ್ಧವಿತ್ತು. ಹನ್ನೊಂದು ಸ್ಲೈಡುಗಳಲ್ಲಿ,
ವರ್ಷಕ್ಕೆರಡು ಬಾರಿ, ಕಾರ್ಯಾಗಾರದಲ್ಲಿ ಹೇಳುತ್ತೇನೆ.
ಛಲ ಎಂಬ ಮಾತು ಕೊನೆಯ ಸ್ಲೈಡಿನಲ್ಲಿ ಬರುತ್ತದೆ.
ಹೊಳೆ ದಾಟಿದವರು ಅಂಬಿಗನನ್ನು ಮರೆಯುತ್ತಾರಲ್ಲ,
ಈಜಿ ಬಂದೆ ಅಂತಲೂ ಹೇಳುತ್ತಾರೆ.

ಯಾಕೋ, ಆ ದಿನ ಬಾಯಿಗೆ ಬರಲಿಲ್ಲ.
ಹೇಳಿದೆ: ಹದಿನೆಂಟು ವರ್ಷದ ಹಿಂದೆ
ಅವರು ಆರಿಸಿದ್ದು ಬ್ರಾನ್ವಿನ್ ಲೆಗೆಟ್ ಎಂಬುವಳನ್ನು.
ನನಗಿಂತ ಜಾಣೆ; ನನಗಾಗಲೇ ಗೊತ್ತಿತ್ತು.
ಅವಳ ತಾಯಿಗೆ ಲಕ್ವ ಹೊಡೆಯಿತು, ಬರ್ನಿಯಲ್ಲಿ.
ಅವಳು ಒಲ್ಲೆ ಅಂದಳು. ಫೋನು ನನಗೆ ಬಂತು.
ನಾನು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ,
ಹಲ್ಲಲ್ಲಿ ಟೇಪಿನ ತುದಿ ಕಚ್ಚಿಕೊಂಡೇ ಹೂಂ ಅಂದೆ.
ಅವಳೀಗ ಅಲ್ಲೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳಂತೆ.
ಅಂತೆ. ಇಷ್ಟು ವರ್ಷದಲ್ಲಿ ಒಂದು ಸಲವೂ
ಆ ಅಂತೆಯನ್ನು ದಾಟಿ ಹೋಗಿ ವಿಚಾರಿಸಲಿಲ್ಲ.

ಟೆವಿಟಾ ಕಪ್ಪನ್ನು ಸುಮ್ಮನೆ ತಿರುಗಿಸಿದ.
ಆಚೆ ಒಂದು ದೋಣಿ ಹಗ್ಗ ಬಿಚ್ಚುವಷ್ಟು ಹೊತ್ತು.
ಹಾಗಾದರೆ, ಅಂದ, ನನ್ನ ತಪ್ಪು
ಇಲ್ಲದೆಯೂ ಇರಬಹುದು.
ಇದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿರಲಿಲ್ಲ.

ಜೂನಿನಲ್ಲಿ ಒಂದು ಗಂಟೆಗೆ ಏಳಲಿಲ್ಲ.
ಹೋಟೆಲಿನವಳು ಕುರ್ಚಿಗಳನ್ನು ಮೇಜಿನ ಮೇಲೇರಿಸುವ ತನಕ
ಅವನ ಅರ್ಜಿ ಓದಿದೆವು, ಸಾಲು ಸಾಲು.
ಎಲ್ಲೆಲ್ಲೂ ನಾವು. ನಾವು ಎಣಿಸಿದೆವು, ನಾವು ಕಂಡುಕೊಂಡೆವು.
ಆಯ್ಕೆಯವರಿಗೆ ನಾವು ಬೇಡ, ಅಂದೆ. ಅವರಿಗೆ ನಾನು ಬೇಕು.
ನಮ್ಮಮ್ಮ, ನಾನು ನಾನು ಅನ್ನಬೇಡ ಎಂದು
ತಲೆಗೆ ಮೊಟಕುತ್ತಿದ್ದಳು. ಅವನಮ್ಮನೂ ಅಂತೆ,
ಟೊಂಗಾದಲ್ಲಿ, ಚರ್ಚಿನಿಂದ ಬರುವ ದಾರಿಯಲ್ಲಿ.
ಇಬ್ಬರು ತಾಯಂದಿರಿಗೂ ಬೆನ್ನು ಹಾಕಿ ತಿದ್ದತೊಡಗಿದೆವು.
ನಲವತ್ತೊಂದು ಕಡೆ.

ನಲವತ್ತು ತಿದ್ದಿದ. ಒಂದನ್ನು ಬಿಟ್ಟ:
ಚಳಿಗಾಲದಲ್ಲಿ ನಾವು ಹದಿನೆಂಟು ಮೀಟರ್ ಆಳಕ್ಕೆ ಇಳಿದೆವು.
ಇದೂ, ಅಂದೆ.
ಇಲ್ಲ, ಅಂದ. ನೀರಿಗೆ ಯಾರೂ ಒಬ್ಬರೇ ಇಳಿಯುವುದಿಲ್ಲ.
ಅದು ನಿಯಮ.

ಯೋಜನೆ ಮುಗಿಯಿತು. ಒಂದರಿಂದ ಐದರೊಳಗೆ
ಅಂಕ ಕೊಡಿ ಎಂದರು. ಮೂರು ಸಲ ಜ್ಞಾಪನೆ ಬಂತು.
ಬರ್ನಿಯ ಶಾಲೆಯ ವಿಳಾಸ ಹುಡುಕಿಟ್ಟಿದ್ದೇನೆ,
ಇನ್ನೂ ಬರೆದಿಲ್ಲ.

ಜುಲೈ. ಮೊದಲ ಗುರುವಾರ. ಕರಾರು ಮುಗಿದಿದೆ,
ಫಲಿತಾಂಶ ಬಂದಿಲ್ಲ.
ಕಾಲು ತಾವಾಗಿ ಹಡಗುಕಟ್ಟೆಗೆ ನಡೆದವು.
ಈ ಸಲ ಕಾಫಿಗೂ
ನಾವೇ ಕೊಟ್ಟೆವು.